ಒಂದೂವರೆ ಕೋಣೆಯ ಲೆಕ್ಕ

ನಾವು ಬೆಳೆದ ಚಾಳಿನ ಖೋಲಿ 10 ಅಡಿ ಅಗಲ, 12 ಅಡಿ ಉದ್ದ. ಮೂಲೆಯಲ್ಲಿ ಮೋರಿ, ಅದಕ್ಕೆ ತಾಗಿ ಕಡಪಾ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಸೀಮೆಎಣ್ಣೆ ಸ್ಟವ್, ತಲೆಯ ಮೇಲೆ ಹಲಗೆ ಹೊಡೆದು ಮಾಡಿದ ಮಾಳಾ. ಇದರೊಳಗೆ ಅಪ್ಪ, ಅಮ್ಮ, ಅಕ್ಕ, ನಾನು, ಜೊತೆಗೆ ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಒಬ್ಬರಲ್ಲ ಒಬ್ಬರು ಸಂಬಂಧಿಕರು. ಮಾಳಾ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ, ಮಲಗಿಕೊಂಡೇ ಓದಬೇಕು. ಕೆಳಗೆ ಒಗ್ಗರಣೆ ಹಾಕಿದರೆ ಘಾಟೆಲ್ಲ ನನಗೇ. ಆದರೂ ಅದು ನನ್ನ ಕೋಣೆ. ಏಣಿ ಹತ್ತಿದ ಮೇಲೆ ನನ್ನನ್ನು ಯಾರೂ ಕರೆಯುವಂತಿಲ್ಲ ಎಂದು ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ. ಅಮ್ಮ ಅದನ್ನು ದಿನಕ್ಕೆ ಹತ್ತು ಸಲ ಮುರಿಯುತ್ತಿದ್ದಳು.

ಈ ಅಳತೆಯೆಲ್ಲ ಮತ್ತೆ ನೆನಪಾದದ್ದು ಒಂದು ಪುಸ್ತಕದಿಂದ. ರಷ್ಯನ್ ಕವಿ ಜೋಸೆಫ್ ಬ್ರಾಡ್‌ಸ್ಕಿಯ ಪ್ರಬಂಧಗಳ ಸಂಕಲನ 'ಲೆಸ್ ದ್ಯಾನ್ ವನ್'. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು, ಮರುವರ್ಷವೇ ಅವನಿಗೆ ನೊಬೆಲ್ ಬಂತು. ನಾನು ಅದನ್ನು ಫ್ಲೋರಾ ಫೌಂಟನ್ನಿನ ಫುಟ್‌ಪಾತಿನ ಪುಸ್ತಕದ ರಾಶಿಯಿಂದ ಹೆಕ್ಕಿಕೊಂಡು ಬಂದಿದ್ದೆ. ಬ್ಯಾಂಕಿನ ಕೆಲಸ, ಲೋಕಲಿನ ಗರ್ದಿ, ಮಗಳ ಟ್ಯೂಷನ್ ಎಂದು ಎಷ್ಟೋ ವರ್ಷ ಅದು ಕಪಾಟಿನಲ್ಲೇ ಇತ್ತು. ನಿವೃತ್ತಿಯಾದ ಮೇಲೆ, ಅದೂ 2020ರಲ್ಲಿ ಎಲ್ಲರೂ ಮನೆಯೊಳಗೆ ಬಂಧಿಗಳಾದಾಗ, ಧೂಳು ಒರೆಸಿ ಓದಿದೆ. ಹಿಂದಿನಿಂದ ಶುರು ಮಾಡಿದೆ. ಯಾಕೆಂದರೆ ಕೊನೆಯ ಪ್ರಬಂಧದ ಹೆಸರೇ 'ಇನ್ ಎ ರೂಮ್ ಅಂಡ್ ಎ ಹಾಫ್'. ಮುಂಬಯಿಯವರಿಗೆ ಈ ಹೆಸರು ಕಂಡರೆ ಬಿಟ್ಟು ಮುಂದೆ ಹೋಗಲು ಆಗುತ್ತದೆಯೇ!

ಲೆನಿನ್‌ಗ್ರಾಡಿನ ಲಿಟೆಯ್ನಿ ರಸ್ತೆಯ ಒಂದು ದೊಡ್ಡ ಹಳೆಯ ಕಟ್ಟಡ. ಕ್ರಾಂತಿಗೆ ಮೊದಲು ಸಿರಿವಂತರು ಇದ್ದ ಮನೆಗಳನ್ನು ಸರ್ಕಾರ ಹಂಚಿ ಹಲವು ಕುಟುಂಬಗಳಿಗೆ ಕೊಟ್ಟಿತ್ತು. ಅಡುಗೆಮನೆ, ಪಾಯಿಖಾನೆ, ಬಚ್ಚಲು ಎಲ್ಲರಿಗೂ ಸೇರಿ ಒಂದೇ. ಒಬ್ಬ ವ್ಯಕ್ತಿಗೆ 9 ಚದರ ಮೀಟರ್ ಎಂಬುದು ಸರ್ಕಾರದ ಲೆಕ್ಕ. ಬ್ರಾಡ್‌ಸ್ಕಿಯ ಅಪ್ಪ, ಅಮ್ಮ, ಅವನು ಮೂವರಿಗೂ ಸೇರಿ 40 ಚದರ ಮೀಟರ್ ಸಿಕ್ಕಿತ್ತು. ಓದುತ್ತ ನಾನು ಕೂಡಲೇ ಲೆಕ್ಕ ಹಾಕಿದೆ: 430 ಚದರ ಅಡಿ. ನಮ್ಮದು 120! ನಮ್ಮ ಚಾಳಿನ ಲೆಕ್ಕದಲ್ಲಿ ಇವರು ಸಾಹುಕಾರರೇ. ತಾವು ಅದೃಷ್ಟವಂತರಾಗಿದ್ದೆವು ಎಂದು ಅವನೂ ಒಪ್ಪಿಕೊಳ್ಳುತ್ತಾನೆ.

ಆ ಒಂದೂವರೆ ಕೋಣೆಯಲ್ಲಿ ಅರ್ಧ ಕೋಣೆ ಅವನದು. ಕಪಾಟುಗಳನ್ನು ಅಡ್ಡ ಇಟ್ಟು, ಅವುಗಳ ಮೇಲೆ ಸೂಟ್‌ಕೇಸುಗಳನ್ನು ಪೇರಿಸಿ ಗೋಡೆ ಮಾಡಿಕೊಂಡಿದ್ದ. ಒಂದು ಕಪಾಟಿನ ಹಿಂಬದಿಯ ಹಲಗೆ ತೆಗೆದು ಅದನ್ನೇ ಬಾಗಿಲು ಮಾಡಿದ್ದ. ಅಂದರೆ ಅವನನ್ನು ನೋಡಬೇಕಾದರೆ ಬಟ್ಟೆಯ ಕಪಾಟಿನೊಳಗೆ ನುಗ್ಗಿ ಆಚೆ ಬರಬೇಕು. ಅದರೊಳಗೆ ಅವನ ಪುಸ್ತಕ, ಅವನ ಟೈಪ್‌ರೈಟರ್, ಅವನ ಗೆಳತಿಯರು. ಗೋಡೆಯ ಈಚೆ ಅಪ್ಪನ ಫೋಟೋ ತೊಳೆಯುವ ಕತ್ತಲೆ ಮೂಲೆ, ಅಪ್ಪ ಅಮ್ಮನ ದೊಡ್ಡ ಮಂಚ, ಅಪ್ಪ ಚೀನಾದಿಂದ ತಂದ ಪಿಂಗಾಣಿ. ನೌಕಾಪಡೆಯ ಸಮವಸ್ತ್ರ ಹಾಕಿಕೊಂಡಿದ್ದ ಆ ಅಪ್ಪನನ್ನು 1950ರಲ್ಲಿ ಕೆಲಸದಿಂದ ಬಿಡಿಸಿದರು. ಯಹೂದಿಗಳು ಸೇನೆಯಲ್ಲಿ ಮೇಲಿನ ಹುದ್ದೆಯಲ್ಲಿರಬಾರದು ಎಂದು ಮೇಲಿನಿಂದ ಆದೇಶ ಬಂದಿತ್ತು. ಆ ಕಡುನೀಲಿ ಕೋಟಿನ ಹಳದಿ ಗುಂಡಿಗಳ ಎರಡು ಸಾಲು ಅವನಿಗೆ ರಾತ್ರಿಯ ರಸ್ತೆಯ ದೀಪದ ಸಾಲಿನಂತೆ ಕಾಣುತ್ತಿತ್ತಂತೆ. ಆದೇಶದ ಬಗ್ಗೆ ಅವನು ಬರೆಯುವುದು ಸ್ವಲ್ಪ, ಗುಂಡಿಗಳನ್ನು ಮಾತ್ರ ಬಿಡುವುದಿಲ್ಲ.

ಇಡೀ ಪುಸ್ತಕದ ರೀತಿಯೇ ಇದು. ದಬ್ಬಾಳಿಕೆಯ ಬಗ್ಗೆ ಓದಲು ಹೋದವರಿಗೆ ಅಲ್ಲಿ ಜೈಲು, ಸರಪಳಿ, ಗುಂಡಿನ ಸದ್ದು ಬಹಳ ಸಿಗುವುದಿಲ್ಲ. ಬದಲಿಗೆ ಗೋಡೆಗೆ ಬಳಿದ ಒಂದು ನೀಲಿ ಪಟ್ಟಿ ಸಿಗುತ್ತದೆ. ಶಾಲೆ, ಆಸ್ಪತ್ರೆ, ಕಾರ್ಖಾನೆ, ಕಚೇರಿ, ಜೈಲು ಎಲ್ಲಿ ಹೋದರೂ ಕಣ್ಣಿನ ಮಟ್ಟಕ್ಕೆ ಅದೇ ಪಟ್ಟಿ. ಎಲ್ಲ ಕಡೆ ಲೆನಿನ್ನಿನ ಚಿತ್ರ: ಮಗುವಾಗಿ, ಯುವಕನಾಗಿ, ಬೋಳುತಲೆಯವನಾಗಿ. ಅವುಗಳನ್ನು ನೋಡಿಯೂ ನೋಡದಿರುವುದನ್ನು ಕಲಿತದ್ದೇ ತನ್ನ ಮೊದಲ ಪಾಠ ಎನ್ನುತ್ತಾನೆ. 15ನೆಯ ವಯಸ್ಸಿನಲ್ಲಿ ಒಂದು ದಿನ ಪಾಠ ನಡೆಯುತ್ತಿರುವಾಗಲೇ ಎದ್ದು ಹೊರಟವನು ಮತ್ತೆ ಶಾಲೆಗೆ ಹೋಗಲಿಲ್ಲ.

ಮೊದಲ ಪ್ರಬಂಧದಲ್ಲಿ ಅವನು ತನ್ನ ಮೊದಲ ಸುಳ್ಳಿನ ಕಥೆ ಹೇಳುತ್ತಾನೆ. ಏಳು ವರ್ಷದ ಹುಡುಗ. ಶಾಲೆಯ ಗ್ರಂಥಾಲಯದ ಸದಸ್ಯನಾಗಲು ಅರ್ಜಿ ತುಂಬಬೇಕು. ಅದರಲ್ಲಿ ರಾಷ್ಟ್ರೀಯತೆ ಎಂದು ಒಂದು ಕಾಲಂ. ಸೋವಿಯತ್ ಕಾಗದಪತ್ರಗಳಲ್ಲಿ ಅದರ ಅರ್ಥ ನೀನು ರಷ್ಯನ್ನನೋ, ಯಹೂದಿಯೋ, ಮತ್ತೊಂದೋ ಎಂದು. ತಾನು ಯಹೂದಿ ಎಂದು ಅವನಿಗೆ ಚೆನ್ನಾಗಿ ಗೊತ್ತು, ಆದರೆ ಗೊತ್ತಿಲ್ಲ ಎಂದುಬಿಟ್ಟ. ಮನೆಗೆ ಹೋಗಿ ಕೇಳಿಕೊಂಡು ಬಾ ಎಂದರು. ಅವನು ಆ ಗ್ರಂಥಾಲಯಕ್ಕೆ ಮತ್ತೆ ಹೋಗಲಿಲ್ಲ. ಯಹೂದಿ ಎಂಬುದಕ್ಕಲ್ಲ, ಆ ಶಬ್ದಕ್ಕೆ ನಾಚಿಕೆಯಾಯಿತು ಎನ್ನುತ್ತಾನೆ.

ಇದನ್ನು ಓದಿದಾಗ ನನ್ನ ಮುನಿಸಿಪಲ್ ಕನ್ನಡ ಶಾಲೆಯ ಅರ್ಜಿ ನೆನಪಾಯಿತು. ಮಾತೃಭಾಷೆ ಎಂಬ ಕಾಲಂನಲ್ಲಿ ಅಪ್ಪ 'ಕನ್ನಡ' ಎಂದು ಬರೆದರು. ಮನೆಗೆ ಬಂದ ಮೇಲೆ ಕೇಳಿದೆ, ನಮ್ಮದು ತುಳು ಅಲ್ಲವಾ ಎಂದು. "ಅದಕ್ಕೆಲ್ಲ ಇಲ್ಲಿ ಕಾಲಂ ಇಲ್ಲ ಮಾರಾಯ" ಎಂದರು ಅಪ್ಪ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತು ಮೆಟ್ರಿಕ್ ಮಾಡಿದವರು ಅವರು. ಕನ್ನಡ ಅವರಿಗೆ ದೀಪದ ಹಾಗೆ ಸಿಕ್ಕಿದ ಭಾಷೆ, ಅದನ್ನು ಬರೆದದ್ದರಲ್ಲಿ ಅವರಿಗೆ ಸುಳ್ಳೇನೂ ಕಾಣಲಿಲ್ಲ. ಬ್ರಾಡ್‌ಸ್ಕಿಯ ಕಾಲಂಗೂ ನಮ್ಮದಕ್ಕೂ ಹೋಲಿಕೆ ಇಲ್ಲ, ನಮ್ಮನ್ನು ಯಾರೂ ಹೆದರಿಸಿರಲಿಲ್ಲ. ಆದರೂ ಅಮ್ಮನ ಭಾಷೆಗೆ ಕಾಗದದ ಮೇಲೆ ಜಾಗ ಇಲ್ಲ ಎಂದು ನಾನು ಕಲಿತದ್ದು ಆವತ್ತು.

ಇನ್ನೊಂದು ವಿಷಯ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಮ್ಮ ಪೀಳಿಗೆಗೆ ರಷ್ಯಾ ಎಂದರೆ ನುಣುಪು ಕಾಗದ. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕದ ಮಕ್ಕಳು ನಮ್ಮ ಚಾಳಿನಲ್ಲಿ ಇರಲಿಲ್ಲ. ಗೋಧಿಯ ಹೊಲ, ಟ್ರ್ಯಾಕ್ಟರ್, ನಗುವ ಹುಡುಗಿಯರು. ಅಪ್ಪ ಹೋಟೆಲ್ ಕೆಲಸಗಾರರ ಯೂನಿಯನ್ನಿನಲ್ಲಿದ್ದವರು. ಗೋರ್ಕಿಯ 'ತಾಯಿ'ಯನ್ನು ಕನ್ನಡದಲ್ಲಿ ನನ್ನ ಕೈಗೆ ಕೊಟ್ಟವರು. ಮಾಳಾದ ಮೇಲೆ ಮಲಗಿ ನಾನು ಅದನ್ನು ಎರಡು ಸಲ ಓದಿದ್ದೆ. ಅದಕ್ಕೂ ಮೊದಲೇ, ಆ ನಗುವ ಹುಡುಗಿಯರ ದೇಶದಲ್ಲಿ, ಬ್ರಾಡ್‌ಸ್ಕಿಯ ಮೇಲೆ ಮೊಕದ್ದಮೆ ನಡೆದಿತ್ತು.

1963ರ ನವೆಂಬರಿನಲ್ಲಿ ಲೆನಿನ್‌ಗ್ರಾಡಿನ ಒಂದು ಸಂಜೆ ಪತ್ರಿಕೆ ಅವನನ್ನು ಸಾಹಿತ್ಯದ ಹೆಸರಿನ ಸೋಮಾರಿ ಎಂದು ಹೀಯಾಳಿಸಿ ಲೇಖನ ಬರೆಯಿತು. ಮರುವರ್ಷ ಫೆಬ್ರವರಿ-ಮಾರ್ಚ್‌ನಲ್ಲಿ ವಿಚಾರಣೆ. ಆರೋಪ ಏನೆಂದರೆ, ಇವನು ದುಡಿಯದೆ ಸಮಾಜದ ಮೇಲೆ ಬದುಕುವ ಪರೋಪಜೀವಿ. ಅಷ್ಟರಲ್ಲಿ ಆ ಹುಡುಗ ಕಾರ್ಖಾನೆಯ ಮಿಲ್ಲಿಂಗ್ ಯಂತ್ರದಲ್ಲಿ ದುಡಿದಿದ್ದ, ಶವಾಗಾರದಲ್ಲಿ ಕೆಲಸ ಮಾಡಿದ್ದ, ಭೂವಿಜ್ಞಾನಿಗಳ ತಂಡದ ಜೊತೆ ಕಾಡುಮೇಡು ಅಲೆದಿದ್ದ. ನಿನ್ನನ್ನು ಕವಿ ಎಂದು ಯಾರು ನೇಮಿಸಿದರು ಎಂದು ನ್ಯಾಯಾಧೀಶೆ ಕೇಳಿದ್ದು, ನನ್ನನ್ನು ಮನುಷ್ಯ ಎಂದು ಯಾರು ನೇಮಿಸಿದರು ಎಂಬ ಅರ್ಥದಲ್ಲಿ ಅವನು ಉತ್ತರಿಸಿದ್ದು ಈಗ ಜಗತ್ತಿಗೆಲ್ಲ ಗೊತ್ತು. ಗೊತ್ತಾಗಲು ಕಾರಣ ಫ್ರಿಡಾ ವಿಗ್ದೊರೋವಾ ಎಂಬ ಪತ್ರಕರ್ತೆ. ನ್ಯಾಯಾಲಯದಲ್ಲಿ ಕೂತು ಆಕೆ ಎಲ್ಲವನ್ನೂ ಬರೆದುಕೊಂಡಳು. ಆ ಟಿಪ್ಪಣಿ ಕೈಯಿಂದ ಕೈಗೆ ಹೋಗಿ ಹೊರದೇಶ ಸೇರಿತು. ಶಿಕ್ಷೆ 5 ವರ್ಷ. ಉತ್ತರದ ಅರ್ಖಾಂಗೆಲ್ಸ್ಕ್ ಪ್ರಾಂತದ ನೊರೆನ್ಸ್ಕಯಾ ಹಳ್ಳಿಗೆ ಕೂಲಿ ಮಾಡಲು ಕಳಿಸಿದರು. ದೇಶವಿದೇಶದ ಲೇಖಕರು ಗಲಾಟೆ ಮಾಡಿದ್ದರಿಂದ ಒಂದೂವರೆ ವರ್ಷಕ್ಕೆ, 1965ರಲ್ಲಿ, ಬಿಟ್ಟರು. ವಿಗ್ದೊರೋವಾ ಅದನ್ನು ನೋಡಲಿಲ್ಲ. ಅವನ ಬಿಡುಗಡೆಗೆ ಕೆಲವು ವಾರ ಮೊದಲು ತೀರಿಕೊಂಡಳು.

ನಮ್ಮಲ್ಲಾದರೆ ಇಂಥ ವಿಚಾರಣೆಯ ಮೇಲೆ ಒಂದು ಇಡೀ ಪುಸ್ತಕ ಬರೆಯುತ್ತಿದ್ದರು, ಸನ್ಮಾನದ ಶಾಲುಗಳಿಗೆ ಲೆಕ್ಕ ಇರುತ್ತಿರಲಿಲ್ಲ. ಬ್ರಾಡ್‌ಸ್ಕಿ ಈ ಸಂಕಲನದಲ್ಲಿ ಅದನ್ನು ವರ್ಣಿಸಲು ಹೋಗುವುದೇ ಇಲ್ಲ. ತನ್ನನ್ನು ಬಲಿಪಶು ಎಂದು ತೋರಿಸಿಕೊಳ್ಳುವುದು ಅವನಿಗೆ ಆಗದು. ಒಮ್ಮೊಮ್ಮೆ ಇದು ಸೊಕ್ಕು ಅನ್ನಿಸುತ್ತದೆ. ಕೆಲವು ಪ್ರಬಂಧಗಳಲ್ಲಿ, ಮುಖ್ಯವಾಗಿ ಇಸ್ತಾಂಬುಲ್ಲಿಗೆ ಹೋಗಿ ಬಂದು ಬರೆದದ್ದರಲ್ಲಿ, ಪೂರ್ವ ದೇಶಗಳ ಬಗ್ಗೆ ಅವನ ತಿರಸ್ಕಾರ ಸಹಿಸಲು ಕಷ್ಟ. ದಬ್ಬಾಳಿಕೆಯೆಲ್ಲ ಪೂರ್ವದಿಂದಲೇ ಬಂದ ಗಾಳಿ ಎಂಬಂತೆ ಬರೆಯುತ್ತಾನೆ. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಚಹಾ ಮಾಡಿಕೊಂಡೆ.

'ಆನ್ ಟಿರನಿ' ಎಂಬ ಪ್ರಬಂಧ ಮಾತ್ರ ಎಲ್ಲರೂ ಓದಬೇಕು. ಪುಟ ಕಡಿಮೆ, ಸಿಟ್ಟು ಒಳಗೊಳಗೇ. ಸರ್ವಾಧಿಕಾರಿಗೂ ಪ್ರಜೆಗಳಿಗೂ ಸಮಾನವಾಗಿ ಇರುವುದು ಕಾಯಿಲೆ ಮತ್ತು ಸಾವು ಮಾತ್ರ ಎಂದು ಶುರುಮಾಡುತ್ತಾನೆ. ಕುದುರೆ ಏರಿ ಬರುವ ಸರ್ವಾಧಿಕಾರಿಯ ಕಾಲ ಮುಗಿಯಿತು. ಈಗಿನವನು ಪಕ್ಷದ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಬೂದುಬಣ್ಣದ ಮುದುಕ, ಯಾವುದೋ ಕಚೇರಿಯ ಹೆಡ್‌ಕ್ಲಾರ್ಕಿನಂತೆ ಕಾಣುವವನು. ಬರೆದದ್ದು ಬ್ರೆಜ್ನೆವ್ ಕಾಲದಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಇಂಥ ಆಳ್ವಿಕೆ ಮಾಡುವ ದೊಡ್ಡ ಕೆಲಸ ಎಂದರೆ ನಿಮ್ಮ ದಿನವನ್ನು ನಿಮಗಾಗಿ ಹೊಂದಿಸಿಕೊಡುವುದು. ಏನು ಓದಬೇಕು, ಎಲ್ಲಿ ಸಾಲು ನಿಲ್ಲಬೇಕು, ಯಾವಾಗ ಚಪ್ಪಾಳೆ ತಟ್ಟಬೇಕು ಎಂಬ ಯೋಚನೆಯ ಭಾರವೇ ನಿಮಗೆ ಇರುವುದಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ನನಗೆ 17 ವರ್ಷ. ಲೋಕಲುಗಳು ಟೈಮಿಗೆ ಸರಿಯಾಗಿ ಬರುತ್ತಿವೆ ಎಂದು ಚಾಳಿನ ಗ್ಯಾಲರಿಯಲ್ಲಿ ನಿಂತು ಹಿರಿಯರು ಮೆಚ್ಚಿಕೊಳ್ಳುತ್ತಿದ್ದರು. ನಾನೂ ಮೆಚ್ಚಿದ್ದೆ. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದೇ ಹೊತ್ತಿಗೆ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ಉಸಿರಿಗೆ ಒದ್ದಾಡುತ್ತಿದ್ದರು ಎಂದು ನಮಗೆ ಯಾರೂ ಹೇಳಿರಲಿಲ್ಲ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದವರು ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು.

ಬ್ರಾಡ್‌ಸ್ಕಿ ತನ್ನ ಬದಲು ಬೇರೆಯವರ ಬಗ್ಗೆ ಬರೆಯುವಾಗ ಅವನ ಸೊಕ್ಕೆಲ್ಲ ಕರಗುತ್ತದೆ. ಅನ್ನಾ ಅಖ್ಮಾತೊವಾ, ಓಸಿಪ್ ಮ್ಯಾಂಡೆಲ್‌ಸ್ಟಾಮ್, ಮರೀನಾ ಸ್ವೆತಾಯೆವಾ, ಆಮೇಲೆ ಓಸಿಪನ ಹೆಂಡತಿ ನದೇಝ್ದಾ. ಓಸಿಪ್ 1933ರಲ್ಲಿ ಸ್ಟಾಲಿನ್ ಮೇಲೆ ಒಂದು ಕುಟುಕು ಪದ್ಯ ಕಟ್ಟಿ ಕೆಲವು ಗೆಳೆಯರ ಮುಂದೆ ಹೇಳಿದ. ಮರುವರ್ಷ ಬಂಧನ. ಬಿಟ್ಟು, ಮತ್ತೆ ಹಿಡಿದು, 1938ರ ಡಿಸೆಂಬರಿನಲ್ಲಿ ವ್ಲಾಡಿವೊಸ್ಟಾಕ್ ಹತ್ತಿರದ ಶಿಬಿರದಲ್ಲಿ ಅವನು ಸತ್ತ. ಅವನ ಅಪ್ರಕಟಿತ ಕವಿತೆಗಳನ್ನು ಕಾಗದದ ಮೇಲೆ ಇಟ್ಟುಕೊಂಡರೆ ಅಪಾಯ. ನದೇಝ್ದಾ ಅವನ್ನು ಬಾಯಿಪಾಠ ಮಾಡಿ, ಊರಿಂದೂರಿಗೆ ಅಲೆಯುತ್ತ, ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತ ದಶಕಗಟ್ಟಲೆ ತಲೆಯಲ್ಲೇ ಹೊತ್ತುಕೊಂಡು ತಿರುಗಿದಳು. ಅಖ್ಮಾತೊವಾ ತನ್ನ 'ರೆಕ್ವಿಯಂ'ನ ಸಾಲುಗಳನ್ನು ಚೀಟಿಯಲ್ಲಿ ಬರೆದು, ಎದುರು ಕೂತ ಗೆಳತಿ ಕಂಠಪಾಠ ಮಾಡಿದ ಕೂಡಲೇ ಬೂದಿಬಟ್ಟಲಿನಲ್ಲಿ ಸುಡುತ್ತಿದ್ದಳು. ದೇಶ ಬಿಡುವ ಕೆಲವೇ ದಿನ ಮೊದಲು, 1972ರ ಮೇ 30ರಂದು, ಬ್ರಾಡ್‌ಸ್ಕಿ ನದೇಝ್ದಾಳನ್ನು ಮಾಸ್ಕೋದ ಅವಳ ಅಡುಗೆಮನೆಯಲ್ಲಿ ಕೊನೆಯ ಸಲ ನೋಡುತ್ತಾನೆ. ಸಂಜೆ ಹೊತ್ತು, ಕಪಾಟಿನ ನೆರಳು ಬಿದ್ದ ಮೂಲೆಯಲ್ಲಿ ಸಿಗರೇಟು ಸೇದುತ್ತ ಕೂತ ಮುದುಕಿ. ಅಷ್ಟೇ ಚಿತ್ರ. ನನಗೆ ಅದು ಅಚ್ಚೊತ್ತಿ ಕೂತಿದೆ.

ಯಾಕೆಂದರೆ ಕವಿತೆಯನ್ನು ತಲೆಯಲ್ಲಿ ಹೊತ್ತ ಇನ್ನೊಬ್ಬಳು ಹೆಂಗಸು ನನಗೆ ಗೊತ್ತಿದ್ದಳು. ಅಮ್ಮ ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನೇಜಿ ನೆಡುವಾಗ ಹೇಳುವ ಪಾಡ್ದನಗಳು ಅವಳಿಗೆ ಗಂಟೆಗಟ್ಟಲೆ ಬರುತ್ತಿದ್ದವು. ಸಿರಿಯದು, ಕೋಟಿ ಚೆನ್ನಯರದು, ಹೆಸರೇ ಕೇಳದ ಎಷ್ಟೋ. ಮುಂಬಯಿಯಲ್ಲಿ ಗದ್ದೆ ಎಲ್ಲಿ? ಮೋರಿಯಲ್ಲಿ ಬಟ್ಟೆ ಒಗೆಯುವಾಗ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಪಕ್ಕದ ಖೋಲಿಯ ಮರಾಠಿ ಹೆಂಗಸರು ಇದೇನು ಮಂತ್ರ ಎಂದು ಕೇಳುವರು. ನನಗೆ ನಾಚಿಕೆಯಾಗಿ, ಮೇಲೆ ಮಾಳಾದಿಂದ, ಓದಲಿಕ್ಕಿದೆ, ಸುಮ್ಮನಿರು ಎಂದು ಕೂಗುತ್ತಿದ್ದೆ. ಓದುತ್ತಿದ್ದದ್ದು ಗೋರ್ಕಿಯ 'ತಾಯಿ'. ಅಮ್ಮನ ಪಾಡ್ದನಗಳನ್ನು ಯಾವ ಪೊಲೀಸನೂ ಹುಡುಕಿಕೊಂಡು ಬರಲಿಲ್ಲ. ಒಂದನ್ನೂ ನಾನು ಬರೆದಿಟ್ಟುಕೊಳ್ಳಲಿಲ್ಲ, ಕೈಯಲ್ಲಿ ಮೊಬೈಲು ಬಂದ ಮೇಲೂ ರೆಕಾರ್ಡ್ ಮಾಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರಿಗೆ ಹೋಗಿ ಅಕ್ಕನ ಜೊತೆ ಇದ್ದಳು. ದಿನಾ ರಾತ್ರಿ ಫೋನು. "ಒಣಸ್ ಆಂಡಾ?" ಎಂದು ಅವಳು ಕೇಳಬೇಕು, ಆಯಿತು ಎಂದು ನಾನು ಹೇಳಬೇಕು. ಆಮೇಲೆ "ಏಪ ಬರ್ಪ?" ಎಂದು ಕೇಳುವಳು. ಯಾವಾಗ ಬರುತ್ತಿ? 2020ರ ಮಾರ್ಚ್ ಕೊನೆಗೆ ರೈಲುಗಳು ನಿಂತ ಮೇಲೂ ಕೇಳುತ್ತಿದ್ದಳು. ಮೇ ತಿಂಗಳಲ್ಲಿ ಅವಳಿಗೆ ಹುಷಾರಿಲ್ಲದಾಯಿತು. ಕೊರೋನಾ ಅಲ್ಲ, ವಯಸ್ಸು. ಮುಂಬಯಿಯಿಂದ ಬರುವವರು ಎಂದರೆ ಆಗ ಊರಲ್ಲಿ ಎಲ್ಲರಿಗೂ ಭಯ, ಅದು ತಪ್ಪೂ ಅಲ್ಲ. ಪಾಸಿಗಾಗಿ ಅರ್ಜಿ ಹಾಕಿದೆ. ಎರಡು ಸಲ ತಿರಸ್ಕೃತ ಎಂದು ಬಂತು, ಕಾರಣದ ಜಾಗ ಖಾಲಿ. ಮೂರನೆಯ ಅರ್ಜಿ ಬಾಕಿ ಇರುವಾಗ ಅವಳು ಹೋದಳು.

ಆ ಒಂದೂವರೆ ಕೋಣೆಯ ಪ್ರಬಂಧ ನಾನು ಓದಿದ್ದು ಅದಾದ ಮೇಲಿನ ವಾರ. ಬ್ರಾಡ್‌ಸ್ಕಿಯನ್ನು 1972ರ ಜೂನ್ 4ರಂದು ವಿಮಾನ ಹತ್ತಿಸಿ ಹೊರಗೆ ಕಳಿಸಿದ್ದರು. ಆಮೇಲೆ ಅಪ್ಪ ಅಮ್ಮ ಒಬ್ಬನೇ ಮಗನನ್ನು ಒಮ್ಮೆ ನೋಡಿಬರಲು ಅನುಮತಿ ಕೇಳುತ್ತಲೇ ಇದ್ದರು. ಹನ್ನೆರಡು ವರ್ಷ ಸತತ ಅರ್ಜಿ. ಸರ್ಕಾರದ ಉತ್ತರ ಪ್ರತಿ ಸಲವೂ ಒಂದೇ: ಇಂಥ ಪ್ರಯಾಣದಿಂದ ಪ್ರಯೋಜನ ಕಾಣುವುದಿಲ್ಲ. ಅಷ್ಟು ವರ್ಷವೂ ಅವರಿಗೆ ಮಗ ಎಂದರೆ ಫೋನಿನಲ್ಲಿ ಬರುವ ದನಿ. 1983ರಲ್ಲಿ ತಾಯಿ ಹೋದಳು, 1984ರಲ್ಲಿ ತಂದೆ. ಅವನು ಯಾರ ಅಂತ್ಯಕ್ರಿಯೆಗೂ ಹೋಗಲಿಲ್ಲ.

ನನ್ನದನ್ನು ಅವನದಕ್ಕೆ ಹೋಲಿಸಿ ದೊಡ್ಡದು ಮಾಡುತ್ತಿದ್ದೇನೆ ಎಂದು ತಿಳಿಯಬೇಡಿ. ಎಲ್ಲಿಯ ಹನ್ನೆರಡು ವರ್ಷ, ಎಲ್ಲಿಯ ಎರಡು ತಿಂಗಳು. ಅಲ್ಲಿ ಇದ್ದದ್ದು ದ್ವೇಷ, ಇಲ್ಲಿ ರೋಗ. ಅಲ್ಲದೆ ಅದಕ್ಕೆ ಮೊದಲು ನಾನು ಹೋಗಬಹುದಾಗಿದ್ದ ಎಷ್ಟೋ ರಜೆಗಳಿದ್ದವು, ಆಗ ಯಾರೂ ನನ್ನನ್ನು ತಡೆದಿರಲಿಲ್ಲ. ಆದರೂ ಆ ಉತ್ತರವನ್ನು ಓದಿದಾಗ ಕೈಯಲ್ಲಿದ್ದ ಪುಸ್ತಕ ಅಲ್ಲಾಡಿತು.

ಈ ಪ್ರಬಂಧದಲ್ಲೇ ಅವನು ಒಂದು ವಿಚಿತ್ರ ಮಾತು ಹೇಳುತ್ತಾನೆ. ಅಪ್ಪ ಅಮ್ಮನ ಬಗ್ಗೆ ಇದನ್ನು ನಾನು ಇಂಗ್ಲಿಷಿನಲ್ಲಿ ಬರೆಯುತ್ತಿರುವುದು ಬೇಕೆಂದೇ, ಎಂದು. ಅವರಿಗೆ ಇಂಗ್ಲಿಷ್ ಬಾರದು, ಬದುಕಿದ್ದರೂ ಇದನ್ನು ಓದಲಾರರು. ಆದರೆ ರಷ್ಯನ್ನಿನಲ್ಲಿ ಬರೆದರೆ ಅವರು ಆ ದೇಶದ ಬಂದಿಗಳಾಗಿಯೇ ಉಳಿಯುತ್ತಾರೆ. ಅವರ ಓಡಾಟವನ್ನು ಪರದೇಶಿ ಕ್ರಿಯಾಪದಗಳು ಹೇಳಿದರೆ, ಕಾಗದದ ಮೇಲಾದರೂ ಅವರು ಆ ಗಡಿ ದಾಟಿ ಬಂದಂತೆ. ಅಂದರೆ ಸರ್ಕಾರ ಕೊಡದ ಪಾಸನ್ನು ಮಗ ಇನ್ನೊಂದು ಭಾಷೆಯ ವ್ಯಾಕರಣದಿಂದ ಮಾಡಿಕೊಡುತ್ತಾನೆ. ರಷ್ಯನ್ ಭಾಷೆಯನ್ನು ದೇವರಂತೆ ಕಂಡ ಕವಿ ಅವನು, ಕವಿತೆಗೆ ಬಹುಪಾಲು ಅದನ್ನೇ ನಂಬಿದವನು. ಅಂಥವನು ಅಮ್ಮನನ್ನು ಆ ಭಾಷೆಯಿಂದ ಹೊರಗೆ ಕರೆತರಬೇಕಾಯಿತು. ಇಂಗ್ಲಿಷ್ ಗದ್ಯ ಬರೆಯಲು ಅವನು ಶುರು ಮಾಡಿದ್ದು 1977ರಲ್ಲಿ, ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂ ಅಂಗಡಿಯಲ್ಲಿ ಒಂದು ಚಿಕ್ಕ ಲೆಟ್ಟೆರಾ ಟೈಪ್‌ರೈಟರ್ ಕೊಂಡ ಮೇಲೆ. ಆಗ ಕಾರಣ ಬೇರೆ ಇತ್ತು, ತೀರಿಹೋಗಿದ್ದ ಕವಿ ಆಡೆನ್‌ಗೆ ಹತ್ತಿರವಾಗಬೇಕೆಂಬ ಆಸೆ. ಎಂಟು ವರ್ಷದ ಮೇಲೆ ಆ ಭಾಷೆ ಈ ಕೆಲಸಕ್ಕೆ ಬಂತು.

ಕಳೆದ ವರ್ಷ ಪುಣೆಯಲ್ಲಿರುವ ಮಗಳು ಹೇಳಿದಳು, "ಪಪ್ಪಾ, ಅಜ್ಜಿ ಬಗ್ಗೆ ಏನಾದ್ರೂ ಬರೀರಿ. ಆದ್ರೆ ನಂಗೆ ಓದ್ಲಿಕ್ಕೆ ಆಗೋ ಹಾಗೆ ಬರೀರಿ." ಅಂದರೆ ಇಂಗ್ಲಿಷಿನಲ್ಲಿ. ಅವಳಿಗೆ ತುಳು ಮಾತಾಡಲು ಬರುತ್ತದೆ, ಅಜ್ಜಿಯೊಡನೆ ಹರಕುಮುರುಕಾಗಿ ಆಡುತ್ತಿದ್ದಳು. ಕನ್ನಡ ಕೇಳಿದರೆ ಅರ್ಥವಾಗುತ್ತದೆ. ಅಕ್ಷರ ಬಾರದು. ಕಲಿಸದವನು ನಾನೇ, ಆದ್ದರಿಂದ ಬೈಯುವ ಹಕ್ಕಿಲ್ಲ.

ಸರಿ, ಬ್ರಾಡ್‌ಸ್ಕಿಯೇ ದಾರಿ ತೋರಿಸಿದ್ದಾನಲ್ಲ ಎಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಬರೆದ ಇಂಗ್ಲಿಷ್. ಓದಿ ನೋಡಿದರೆ ಅಮ್ಮ ಸಾಲಕ್ಕೆ ಅರ್ಜಿ ಹಾಕಿದಂತಿತ್ತು! ಅವನಿಗೆ ಆ ಭಾಷೆ ಬಿಡುಗಡೆ, ನನಗೆ ಆಫೀಸು. ಹರಿದು ಹಾಕಿ ಕನ್ನಡಕ್ಕೆ ಬಂದೆ. ಬರೆಯುತ್ತ ಹೋದ ಹಾಗೆ ಇನ್ನೊಂದು ತೊಡಕು ಕಂಡಿತು. ನಾನು ಇಷ್ಟು ಹೊತ್ತು 'ಅಮ್ಮ' 'ಅಮ್ಮ' ಎಂದು ಬರೆಯುತ್ತಿದ್ದೇನಲ್ಲ, ನಾನು ಅವಳನ್ನು ಹಾಗೆ ಕರೆದದ್ದೇ ಇಲ್ಲ. ತುಳುವಿನಲ್ಲಿ ತಾಯಿ 'ಅಪ್ಪೆ', ತಂದೆ 'ಅಮ್ಮೆ'. ಕನ್ನಡದ ಕಿವಿಗೆ ಎಲ್ಲ ತಿರುಗುಮುರುಗು. ಶಾಲೆಯ ಮೊದಲ ವಾರ, ನನ್ನ ಅಪ್ಪೆ ರೊಟ್ಟಿ ಮಾಡುತ್ತಾಳೆ ಎಂದು ಹೇಳಿ, ನಿನ್ನ ಅಪ್ಪ ಸೀರೆ ಉಡುತ್ತಾರಾ ಎಂದು ಇಡೀ ತರಗತಿ ನಕ್ಕಿತ್ತು. ಆವತ್ತಿನಿಂದ ಹೊರಗೆ ಅವಳು ಅಮ್ಮನಾದಳು. ಬಾಗಿಲು ದಾಟಿ ಒಳಗೆ ಬಂದ ಮೇಲೆ ಮಾತ್ರ ಅಪ್ಪೆ. ಅಂದರೆ ಅವಳನ್ನು ಕನ್ನಡದಲ್ಲಿ ಬರೆದರೂ ನಾನು ಅನುವಾದವೇ ಮಾಡುತ್ತಿದ್ದೇನೆ, ಎಪ್ಪತ್ತರ ಹತ್ತಿರ ಬಂದ ಮೇಲೆ ಇದು ಹೊಳೆದದ್ದು.

ಈಗ ಒಂದು ಹೊಂದಾಣಿಕೆ ನಡೆದಿದೆ. ವಾರವಿಡೀ ಕನ್ನಡದಲ್ಲಿ ಬರೆದದ್ದನ್ನು ಭಾನುವಾರ ರಾತ್ರಿ ಮಗಳಿಗೆ ಫೋನಿನಲ್ಲಿ ಓದುತ್ತೇನೆ. ಅವಳು ನಡುವೆ ನಿಲ್ಲಿಸಿ, ಅಜ್ಜಿ ಹಾಗೆ ಹೇಳಿರಲಿಕ್ಕಿಲ್ಲ, ಹೇಗೆ ಹೇಳಿದಳೋ ಹಾಗೇ ಹೇಳಿ ಎನ್ನುತ್ತಾಳೆ. ತುಳುವಿನಲ್ಲಿ ಹೇಳುತ್ತೇನೆ. ಅವಳು ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಸಿರಿ ಪಾಡ್ದನದ ತುಣುಕು ಏನಾದರೂ ನೆನಪಿದೆಯೇ ಎಂದು ಹೋದ ವಾರ ಕೇಳಿದಳು. ರಾಗ ಬಂತು, ಮಾತು ಬರಲಿಲ್ಲ. ಬರೀ ರಾಗವನ್ನೇ ಗುನುಗಿದೆ. ನೆನಪು ಕೊಡುವುದು ತುಣುಕುಗಳನ್ನು ಮಾತ್ರ, ಇಡೀ ಚಿತ್ರವನ್ನಲ್ಲ ಎಂದು ಬ್ರಾಡ್‌ಸ್ಕಿಯೂ ಆ ಪ್ರಬಂಧದಲ್ಲಿ ಗೊಣಗುತ್ತಾನೆ. ಅವನು ಮತ್ತೆ ಆ ಊರಿಗೆ ಹೋಗಲಿಲ್ಲ. ಲೆನಿನ್‌ಗ್ರಾಡ್ 1991ರಲ್ಲಿ ಮತ್ತೆ ಪೀಟರ್ಸ್‌ಬರ್ಗ್ ಆಯಿತು, ದಾರಿ ತೆರೆದಿತ್ತು, ಹೋಗಲಿಲ್ಲ. 1996ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ 55 ವರ್ಷ. ಆ ಒಂದೂವರೆ ಕೋಣೆ ಈಗ ಮ್ಯೂಸಿಯಂ. ನಮ್ಮ ಚಾಳಿನ ಜಾಗದಲ್ಲಿ ಟವರ್ ಬಂದಿದೆ.

ಅದೇ ಪ್ರಬಂಧದ ಒಂದು ಕಡೆ ಕಾಗೆಗಳು ಬರುತ್ತವೆ. ಅಮೆರಿಕದ ಸೌತ್ ಹ್ಯಾಡ್ಲಿ ಎಂಬ ಊರಿನಲ್ಲಿ ಅವನು ಪಾಠ ಮಾಡಿಕೊಂಡಿದ್ದಾಗ ಮನೆಯ ಹಿತ್ತಲಿಗೆ ಎರಡು ಕಾಗೆ ಬರುತ್ತಿದ್ದವಂತೆ. ಮೊದಲನೆಯದು ಬಂದದ್ದು ತಾಯಿ ಸತ್ತ ವರ್ಷ, ಎರಡನೆಯದು ಮರುವರ್ಷ ತಂದೆ ಸತ್ತ ಮೇಲೆ. ಈಗ ಎರಡೂ ಜೊತೆಯಾಗಿ ಬಂದು ಹೋಗುತ್ತವೆ ಎಂದು ಬರೆಯುತ್ತಾನೆ. ಅದನ್ನು ಓದಿ ನಾನು ಎದ್ದು ಕೂತೆ. ಇದನ್ನು ಅವನಿಗೆ ಯಾರು ಹೇಳಿಕೊಟ್ಟರು?

ಬೊಜ್ಜದ ದಿನ ಊರಿನಲ್ಲಿ ಮನೆಮಂದಿ ಐದಾರು ಜನ ಮಾತ್ರ. ನಾನು ಮುಂಬಯಿಯಲ್ಲಿ ಮೊಬೈಲಿನ ಎದುರು ಸ್ನಾನ ಮಾಡಿ ಕೂತಿದ್ದೆ. ಅಕ್ಕನ ಮಗ ತೋಟದ ಬದಿಯಲ್ಲಿ ಬಾಳೆಲೆ ಹಾಕಿ, ಬಡಿಸಿ, ಫೋನನ್ನು ಅತ್ತ ತಿರುಗಿಸಿ ಹಿಡಿದಿದ್ದ. ಬಹಳ ಹೊತ್ತು ಕಾಗೆ ಬರಲಿಲ್ಲ. ಮಗ ಬರದೆ ಅವಳು ಮುಟ್ಟಲಿಕ್ಕಿಲ್ಲ ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿಸಿತು. ನೀನೇ ಒಮ್ಮೆ ಕರೆ ಎಂದಳು ಅಕ್ಕ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಫೋನಿನೊಳಗೆ "ಅಪ್ಪೇ" ಎಂದು ಕರೆದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಎಲೆಯ ಚಿತ್ರ ಹಾಗೇ ನಿಂತುಬಿಟ್ಟಿತು. ಮತ್ತೆ ಸಂಪರ್ಕ ಬಂದಾಗ ಎಲೆ ಚೆಲ್ಲಾಪಿಲ್ಲಿಯಾಗಿತ್ತು.

"ಬಂತಾ?" ಎಂದು ಕೇಳಿದೆ.

"ಬಂತು ಮಾವ. ಎರಡು ಬಂದಿದ್ದವು" ಎಂದ.

ಒಳ್ಳೆಯ ಹುಡುಗ ಅವನು. ನನ್ನ ಸಮಾಧಾನಕ್ಕೆ ಹೇಳಿದನೋ ಏನೋ, ನಾನು ಮತ್ತೆ ಕೇಳಲಿಲ್ಲ.